ಕೆಟ್ಟದ್ದು ಎಲ್ಲಿ?

ಕೆಟ್ಟ ವಸ್ತುವನ್ನು ಸರಿಪಡಿಸುವುದಕ್ಕೆ ನಮ್ಮ ರಾಯಚೂರು ಸೀಮೆಯಲ್ಲಿ ‘ದುರಸ್ತಿ’ ಎನ್ನುವುದು ವಾಡಿಕೆ. ಪಾರಸಿ ಮೂಲದ ಮಾತು ಇದು. ‘ದುರುಸ್ತ್’ ಎಂದರೆ ಸರಿಯಾದದ್ದು, ನೆಟ್ಟಗಿರುವುದು. ಬೆಂಗಳೂರಿನ ಕಡೆಯವರು ಇಂಗ್ಲಿಷಿನಿಂದ ‘ರಿಪೇರಿ’ಯನ್ನು ತಂದುಕೊಂಡಿದ್ದಾರೆ. ಕನ್ನಡದ ಮಾತುಗಳು ಇಲ್ಲವೆಂದಲ್ಲ. ಹರಿದ ಬಟ್ಟೆಗೆ ತೇಪೆಯುಂಟು, ಮುರಿದ ಲೋಹಕ್ಕೆ ಬೆಸುಗೆಯುಂಟು. ಆದರೆ ಅವು ಒಂದೊಂದು ಕೆಲಸದ ಹೆಸರುಗಳು; ಒಂದೊಂದು ಕೆಲಸಕ್ಕೂ ಒಂದೊಂದು ಮನೆತನದವರನ್ನು ನೇಮಿಸಿಬಿಟ್ಟಿದ್ದ ಸಮಾಜದ ಮಾತುಗಳು. ಎಲ್ಲರೂ ಮಾಡಬಹುದಾದ ಕೆಲಸಕ್ಕೆ ಹೆಸರು ಬೇಕಾದಾಗ ನಾವು ಹೊರಗಿನಿಂದ ಕಡ ತಂದೆವೋ ಏನೋ! ಇದು ಭಾಷಾಶಾಸ್ತ್ರಜ್ಞರು ಒಪ್ಪುವ ಮಾತಲ್ಲ, ನನ್ನ ಅನುಮಾನ ಅಷ್ಟೆ.

ದಢೇಸುಗೂರು ತುಂಗಭದ್ರೆಯ ದಡದ ಊರು. ಭತ್ತದ ತಳಿಗಳ ಮೇಲೆ ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರದಿಂದಾಗಿ ಅದರ ಹೆಸರು ಹೊರಗಿನವರಿಗೂ ಗೊತ್ತು. 1953ರಲ್ಲಿ ಅಣೆಕಟ್ಟು ಮುಗಿದು, ಮುಂದೆ ಎಡದಂಡೆ ಕಾಲುವೆಯ ನೀರು ಹರಿದುಬಂದ ಮೇಲೆ, ಜೋಳದ ಸೀಮೆ ಭತ್ತದ ಸೀಮೆಯಾಯಿತು. ನೀರಿನೊಡನೆ ಹಣ ಬಂದಿತು, ಹಣದೊಡನೆ ವಸ್ತುಗಳು ಬಂದವು. ಇಂದು ಭತ್ತ ಕೊಯ್ಯುವ ಯಂತ್ರ ಗದ್ದೆಯಲ್ಲಿ ನಿಂತುಹೋದರೆ ಸಿಂಧನೂರಿನಿಂದ ಮಿಸ್ತ್ರಿ ಓಡಿಬರುತ್ತಾನೆ. ಮನೆಯ ಟಾರ್ಚು ಕೆಟ್ಟರೆ ಬರುವವರಿಲ್ಲ. ಅದು ಅಟ್ಟ ಸೇರುತ್ತದೆ, ಅಟ್ಟದಿಂದ ತಿಪ್ಪೆ ಸೇರುತ್ತದೆ.

ನಿವೃತ್ತನಾದ ಮೇಲೆ ಒಂದು ಬೇಸಿಗೆಯ ರಜೆಯಲ್ಲಿ ನಾನು ಓಣಿಯ ಎಂಟು ಹತ್ತು ಮಕ್ಕಳನ್ನು ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡೆ. ಮನೆಯಲ್ಲಿ ಕೆಟ್ಟಿರುವ ಒಂದೊಂದು ವಸ್ತುವನ್ನು ತನ್ನಿರಿ ಎಂದೆ. ನನಗೆ ವಿದ್ಯೆ ಹೆಚ್ಚಿಲ್ಲ; ಇರುವಷ್ಟು ನನ್ನ ತಂದೆಯವರದು. ನಮ್ಮ ಮನೆಯ ಪಂಪ್ ಸ್ಟೌ ಗಾಳಿ ಹಿಡಿಯದಿದ್ದಾಗ ಅವರು ಪಂಪಿನ ದಂಡವನ್ನು ಹೊರಗೆಳೆದು, ಅದರ ತುದಿಯ ಚರ್ಮದ ವಾಷರನ್ನು ನನ್ನ ಅಂಗೈಯಲ್ಲಿಟ್ಟು, ‘ಒಣಗಿದೆಯೋ ಇಲ್ಲವೋ ನೋಡು’ ಎನ್ನುತ್ತಿದ್ದರು. ಒಣಗಿದ ಚರ್ಮ ಕುಗ್ಗುತ್ತದೆ. ಕುಗ್ಗಿದರೆ ಕೊಳವೆಗೂ ಅದಕ್ಕೂ ನಡುವೆ ಸಂದಿಯಾಗಿ ಗಾಳಿ ಹಿಂದಕ್ಕೆ ಸೋರುತ್ತದೆ. ಎಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಿನಿಂದ ಅಗಲಿಸಿ ತೊಡಿಸಿದರೆ ಸ್ಟೌ ಮತ್ತೆ ಭುಸುಗುಟ್ಟುತ್ತಿತ್ತು. ಗಾಳಿಯ ಒತ್ತಡವೆಂದರೇನೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ.

ಮೊದಲ ದಿನ ಬಂದದ್ದು ಟಾರ್ಚು. ‘ಸೆಲ್ ಹೊಸದು ಹಾಕಿದರೂ ಹತ್ತುವುದಿಲ್ಲ’ ಎಂದಳು ತಂದ ಹುಡುಗಿ. ಹಾಗಾದರೆ ಕೆಟ್ಟದ್ದು ಎಲ್ಲಿ? ಸೆಲ್ಲಿನಿಂದ ಹೊರಟ ವಿದ್ಯುತ್ತು ಬಲ್ಬನ್ನು ಹಾದು, ಸ್ವಿಚ್ಚನ್ನು ಹಾದು, ತಳದ ಸ್ಪ್ರಿಂಗಿನ ಮೂಲಕ ಮರಳಿ ಸೆಲ್ಲಿಗೇ ಬಂದು ಸೇರಬೇಕು. ಈ ಸುತ್ತಿನಲ್ಲಿ ಎಲ್ಲಿಯೋ ಒಂದೆಡೆ ದಾರಿ ಕಡಿದಿದೆ. ಒಂದು ತುಂಡು ತಂತಿಯಿಂದ ಸೆಲ್ಲಿಗೂ ಬಲ್ಬಿಗೂ ನೇರವಾಗಿ ಸಂಬಂಧ ಕಲ್ಪಿಸಿದೆವು. ಬಲ್ಬು ಹತ್ತಿತು. ಅಲ್ಲಿಗೆ ಬಲ್ಬಿನ ಮೇಲಿನ ಅನುಮಾನ ಕಳೆಯಿತು. ಉಳಿದದ್ದು ಸ್ವಿಚ್ಚು ಮತ್ತು ಸ್ಪ್ರಿಂಗು. ಹಳೆಯ ಸೆಲ್ ಸೋರಿ ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ ಕಟ್ಟಿತ್ತು. ಅದನ್ನು ಕೈಗೆ ತಾಗದಂತೆ ಒರೆಸಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿದಾಗ ಟಾರ್ಚು ಬೆಳಗಿತು. ಹುಡುಗಿ ಹಗಲಿನಲ್ಲಿಯೇ ಅದನ್ನು ಹತ್ತಿಸಿಕೊಂಡು ಮನೆಗೆ ಹೋದಳು.

1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕೆಲಸವನ್ನು ಶಿಕ್ಷಣದ ನಡುವಿಗೆ ತಂದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದಲ್ಲಿ ತಮ್ಮದೇ ಪ್ರಯೋಗಗಳನ್ನು ನಡೆಸಿದರು. ಈ ಹಿರಿಯರಲ್ಲಿ ನನಗೆ ಗೌರವವಿದೆ. ಆದರೆ ಮೂಲಶಿಕ್ಷಣವೆಂದಾಗ ಒತ್ತು ಬಿದ್ದದ್ದು ತಯಾರಿಕೆಯ ಮೇಲೆ: ನೂಲುವುದು, ನೇಯುವುದು, ಬೆಳೆಯುವುದು. ಹೊಸದನ್ನು ಮಾಡುವವನು ತನ್ನ ಇಚ್ಛೆಯಂತೆ ಆರಂಭಿಸುತ್ತಾನೆ. ದುರಸ್ತಿ ಮಾಡುವವನು ಮತ್ತೊಬ್ಬನ ಮನಸ್ಸಿನೊಳಕ್ಕೆ ಹೊಕ್ಕು, ಅವನು ಈ ತಿರುಪನ್ನು ಇಲ್ಲಿಯೇ ಏಕೆ ಇಟ್ಟನೆಂದು ಕೇಳಬೇಕಾಗುತ್ತದೆ. ಕಾವ್ಯವನ್ನು ಓದುವವರಿಗೆ ಈ ಕಷ್ಟ ಹೊಸದಲ್ಲ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ತಾವು ಭಾವಿಸಬಾರದು. ಒಬ್ಬ ಹುಡುಗ ಅಜ್ಜಿಯ ಗಂಟೆ ಗಡಿಯಾರವನ್ನು ಬಿಚ್ಚಿದ. ಕೂಡಿಸಲು ಅವನಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಇನ್ನೊಂದು ದಿನ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಒಬ್ಬ, ಸ್ವಿಚ್ಚು ಆರಿಸಿದ್ದೇನಲ್ಲ ಎಂದು, ಪ್ಲಗ್ಗಿನಲ್ಲಿಯೇ ಇದ್ದ ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆಯತೊಡಗಿದ್ದ. ನನ್ನ ಎದೆ ನಿಂತಂತಾಯಿತು. ಸ್ವಿಚ್ಚು ಕಡಿಯಬೇಕಾದದ್ದು ಫೇಸಿನ ತಂತಿಯನ್ನು. ವೈರಿಂಗ್ ತಪ್ಪಿದ್ದರೆ ಅದು ನ್ಯೂಟ್ರಲ್ ತಂತಿಯನ್ನು ಕಡಿಯುತ್ತದೆ. ಪೆಟ್ಟಿಗೆ ಕಾಯುವುದು ನಿಲ್ಲುತ್ತದೆ, 230 ವೋಲ್ಟು ಮಾತ್ರ ಒಳಗೆ ಹಾಗೆಯೇ ಕಾದಿರುತ್ತದೆ. ಅಂದಿನಿಂದ, ಪ್ಲಗ್ಗು ಕಳಚಿ ಎಲ್ಲರ ಕಣ್ಣಿಗೂ ಕಾಣುವಂತೆ ಕಟ್ಟೆಯ ಮೇಲಿಡದೆ ಯಾವ ವಸ್ತುವನ್ನೂ ಮುಟ್ಟಕೂಡದೆಂಬ ಕಟ್ಟಳೆಯಾಯಿತು. ಗ್ಯಾಸಿನ ಒಲೆ, ಟಿ.ವಿ., ಪಂಪ್‌ಸೆಟ್ಟು ನಮ್ಮ ಕಟ್ಟೆಗೆ ಬರಲಿಲ್ಲ. ಕುಕ್ಕರಿನ ರಬ್ಬರು ಬಳೆಯನ್ನು ಮಕ್ಕಳು ಬದಲಿಸಬಹುದು. ಅದರ ಸೇಫ್ಟಿ ವಾಲ್ವಿಗೆ ತಂತಿ, ಮೇಣ ತುರುಕುವ ಜಾಣತನ ದೊಡ್ಡವರಿಗೂ ಬೇಡ.

ಹೊರಜಗತ್ತಿನಲ್ಲಿಯೂ ಈ ವಿಚಾರ ಎಚ್ಚತ್ತಿದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ‘ರಿಪೇರಿ ಕೆಫೆ’ ಎಂಬ ಕೂಟ ಆರಂಭವಾಯಿತು. 2015ರಲ್ಲಿ ಬೆಂಗಳೂರಿನಲ್ಲಿಯೂ ಅಂಥದೊಂದು ಹುಟ್ಟಿತು. ಬಲ್ಲವರ ಪಕ್ಕದಲ್ಲಿ ಕುಳಿತು ತಮ್ಮ ವಸ್ತುವನ್ನು ತಾವೇ ಸರಿಪಡಿಸಿಕೊಳ್ಳುವುದು ಅಲ್ಲಿಯ ಕ್ರಮ. ದುರಸ್ತಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಹಕ್ಕು ಬರಲಿ, ಒಳ್ಳೆಯದೇ. ನನ್ನ ಕಟ್ಟೆಯ ಮೇಲೆ ಎದ್ದ ಪ್ರಶ್ನೆ ಬೇರೆಯದು.

ಒಂದು ಸಂಜೆ ಹುಡುಗಿಯೊಬ್ಬಳ ಚಪ್ಪಲಿಯ ಪಟ್ಟಿ ಕಿತ್ತುಬಂದಿತು. ನಾನು ಸೂಜಿ ಹಿಡಿದು ಪೇಚಾಡುತ್ತಿದ್ದೆ. ಮೂಲೆಯಲ್ಲಿ ಕುಳಿತಿದ್ದ ಹುಡುಗನ ಬೆರಳುಗಳು ತಾವಾಗಿಯೇ ಆಡುತ್ತಿದ್ದುದನ್ನು ಕಂಡೆ. ನಿನಗೆ ಬರುತ್ತದೆಯೇ ಎಂದರೆ ಇಲ್ಲವೆಂದು ತಲೆಯಾಡಿಸಿದ. ಅವನ ಮನೆಯಲ್ಲಿ ಆ ಕಸುಬಿತ್ತು. ಅದನ್ನು ಬಲ್ಲೆನೆಂದು ಎಲ್ಲರೆದುರು ಹೇಳುವುದೆಂದರೆ ತನ್ನ ಜಾತಿಯನ್ನು ಹೇಳಿದಂತೆ. ಟಾರ್ಚು ಸರಿಪಡಿಸಿದವಳು ಜಾಣೆ, ಚಪ್ಪಲಿ ಹೊಲಿದವನು ಮಾತ್ರ ಏನೋ ಒಂದು! ಮರುದಿನ ಅವನೇ ಮನೆಯಿಂದ ಆರಿ ತಂದ. ಮೇಣ ಹಚ್ಚಿದ ದಾರವನ್ನು ಎರಡು ಕಡೆಯಿಂದಲೂ ಒಂದೇ ತೂತಿನಲ್ಲಿ ದಾಟಿಸಿ ಬಿಗಿಯುವುದನ್ನು ತೋರಿಸಿದ. ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ ಎಂದ. ಅಂಥ ಹೊಲಿಗೆ ನನಗೆ ಗೊತ್ತಿರಲಿಲ್ಲ.

ಮರುದಿನ ಇಬ್ಬರು ಮಕ್ಕಳು ಬರಲಿಲ್ಲ. ಒಂದು ಮನೆಯ ಹಿರಿಯರು, ‘ಮಕ್ಕಳಿಗೆ ಕಲಿಸಲು ನಿಮಗೆ ಬೇರೆ ಕೆಲಸ ಸಿಗಲಿಲ್ಲವೇ?’ ಎಂದು ಕೇಳಿದರು. ಬಿದ್ದ ಅಕ್ಕಿಯನ್ನು ಆಯುವುದನ್ನೇ ಕಾಯಕವಾಗಿಸಿಕೊಂಡ ಮಾರಯ್ಯನೂ, ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಾ ಎಂದ ಲಕ್ಕಮ್ಮನೂ ನಮ್ಮದೇ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಆ ಕತೆಯನ್ನು ಕೇಳಿದವರಿಗೆ ಹೇಳಿದೆ. ಅದು ನಮಗೂ ಗೊತ್ತು ಎಂದರು.

ಆ ಇಬ್ಬರಲ್ಲಿ ಒಬ್ಬಳು ವಾರದ ಮೇಲೆ ಪಾಟಿಚೀಲದ ಹರಿದ ಪಟ್ಟಿಯನ್ನು ಹಿಡಿದುಕೊಂಡು ಬಂದು, ಆರಿ ತಂದ ಹುಡುಗನ ಪಕ್ಕದಲ್ಲಿ ಕುಳಿತಳು. ಇನ್ನೊಬ್ಬ ಬರಲಿಲ್ಲ. ಅವನೇ ಗಡಿಯಾರ ಬಿಚ್ಚಿದ ಹುಡುಗ. ಅದರ ಚಕ್ರಗಳೂ ತಿರುಪುಗಳೂ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಇನ್ನೂ ನನ್ನ ಬಳಿಯಲ್ಲಿಯೇ ಇವೆ.