ಸೊಂಟನೋವಿನ ಮದ್ದು ಕುರುಪಿಯ ಹಿಡಿಯಲ್ಲಿದೆ!

ಹರಪನಹಳ್ಳಿ ತಾಲ್ಲೂಕು ಅರಸೀಕೆರೆ: ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಹೊಲದಲ್ಲಿ ಕಳೆ ಹುಟ್ಟಿತೆಂದರೆ ಈ ಭಾಗದ ಹೆಣ್ಣುಮಕ್ಕಳ ಸೊಂಟಕ್ಕೆ ಗ್ರಹಚಾರ ಶುರು. ಬೆಳಿಗ್ಗೆ ಬಗ್ಗಿದ ಬೆನ್ನು ನೆಟ್ಟಗಾಗೋದು ಸಂಜೆಗೇ. ಗಂಡಸರೇನು ಸುಖವಾಗಿಲ್ಲ, ಲಾರಿಗೆ ಚೀಲ ಹೊರುವ ಹಮಾಲರ ಕುತ್ತಿಗೆಯನ್ನೊಮ್ಮೆ ವಿಚಾರಿಸಿ. "ಸೊಂಟ ಹಿಡದೈತಿ" ಅಂದರೆ ಮುಗೀತು, ಅವತ್ತಿನ ಕೂಲಿ ಖೋತಾ!

ಹಿಡಿದ ಸೊಂಟ ಬಿಡಿಸಲು ನಮ್ಮಲ್ಲಿ ಉಪಾಯಗಳಿಗೆ ಬರವೇ? ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಸೊಂಟಕ್ಕೆ ಒದೆಸಿಕೊಳ್ಳುವ ಪದ್ಧತಿ ಹಳ್ಳಿಗಳಲ್ಲಿ ಹಳೆಯದು. ಸ್ವಾಮಿ, ಒದೆ ತಿನ್ನಲು ಬೇರೆ ಕಾರಣಗಳು ಬೇಕಾದಷ್ಟಿವೆ, ಇದಕ್ಕೆ ಬೇಡ! ಎಲುಬು ಸವೆದ ಮುದುಕರಿಗೆ ಹಾಗೆ ಒದ್ದರೆ ಬೆನ್ನಿನ ಮಣಿಯೇ ಮುರಿದೀತು.

ಹಾಗಂತ ಅಜ್ಜಿಯ ಮದ್ದನ್ನೆಲ್ಲ ಗಾಳಿಗೆ ತೂರಬೇಕಿಲ್ಲ. ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುವ ಕಾವು, ಬಿಸಿನೀರ ಸ್ನಾನ, ಔಡಲೆಣ್ಣೆ ಹಚ್ಚಿ ಮೆಲ್ಲಗೆ ತಿಕ್ಕೋದು ಇವೆಲ್ಲ ಬಿಗಿದ ಸ್ನಾಯುವನ್ನು ಸಡಿಲಿಸುತ್ತವೆ. ಸಕ್ಕರೆ ಕಾಯಿಲೆಯವರು ಮಾತ್ರ ಎಚ್ಚರ, ಬಿಸಿ ಗೊತ್ತಾಗದೆ ಚರ್ಮ ಸುಟ್ಟೀತು.

ಅಜ್ಜಿ ಎಡವಿದ್ದು ಹಾಸಿಗೆಯ ವಿಷಯದಲ್ಲಿ. "ಅಲುಗಾಡದೆ ಮಲಕ್ಕೋ" ಎಂದು ಹಿಂದೆ ಡಾಕ್ಟರುಗಳೂ ಹೇಳುತ್ತಿದ್ದರು. ಈಗ ಆ ಮಾತು ತಿರುಗಿದೆ. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿದರೆ ಸ್ನಾಯು ಸೊರಗುತ್ತದೆ, ನೋವು ಬೇರೂರುತ್ತದೆ. ಜಗತ್ತಿನಲ್ಲಿ 2020ರಲ್ಲಿ ಸುಮಾರು 62 ಕೋಟಿ ಜನಕ್ಕೆ ಸೊಂಟನೋವಿತ್ತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಬಹುಕಾಲದ ಸೊಂಟನೋವಿಗೆ ಕೊಟ್ಟ ಸಲಹೆಯಲ್ಲಿ ವ್ಯಾಯಾಮ ಸೇರಿದೆ. ಸೊಂಟಕ್ಕೆ ಬಿಗಿಯುವ ಪಟ್ಟಿ ಬೇಡವೆಂದಿದೆ. ಅಂಗಾತ ಮಲಗಿ ಒಂದೊಂದೇ ಮಂಡಿಯನ್ನು ಎದೆಗೆ ಎಳೆದುಕೊಂಡು ಹತ್ತು ಎಣಿಸಿ ಬಿಡಿ. ಅಂಬೆಗಾಲಲ್ಲಿ ನಿಂತು ಬೆಕ್ಕಿನ ಹಾಗೆ ಬೆನ್ನನ್ನು ಮೇಲೆ ಕೆಳಗೆ ಆಡಿಸಿ. ದಿನಾ ನಡೆಯಿರಿ. ನೋವು ಜಾಸ್ತಿಯಾದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಕಟ್ಟೆ ಮೇಲೆ ಕೂತು ಮೊಬೈಲಿಗೆ ತಲೆಬಾಗಿದ ಹುಡುಗರು! ತಲೆಯ ತೂಕ ಹೆಚ್ಚೂ ಕಡಿಮೆ 5 ಕೆ.ಜಿ. ಅದನ್ನು 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಗೆ 27 ಕೆ.ಜಿ. ಭಾರ ಬೀಳುತ್ತದೆಂದು ಅಮೆರಿಕದ ವೈದ್ಯರೊಬ್ಬರು 2014ರಲ್ಲಿ ಲೆಕ್ಕ ಹಾಕಿದರು. ಅರ್ಧ ಚೀಲ ಸಿಮೆಂಟಿಗಿಂತ ಜಾಸ್ತಿ! ಫೋನನ್ನು ಕಣ್ಣಿನ ಎತ್ತರಕ್ಕೆ ಎತ್ತಿದರೆ ಅರ್ಧ ಮದ್ದು ಆದ ಹಾಗೆ.

ಆದರೆ ಕಳೆ ತೆಗೆಯುವವಳಿಗೆ "ಬಗ್ಗಬೇಡಮ್ಮಾ" ಅನ್ನೋದು ಯಾವ ನ್ಯಾಯ? ಕುರುಪಿಯ ಹಿಡಿ ಗೇಣುದ್ದ. ಬಗ್ಗದೆ, ಕುಕ್ಕರಗಾಲಲ್ಲಿ ಕೂರದೆ ಕಳೆ ಸಿಗೋದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಹೊಲದ ಕೂಲಿಗಳಿಗೆ ಇಂಥದೇ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ಬೆನ್ನು ಹಾಳಾಯಿತೆಂದು ಕೂಲಿಗಳು ವ್ಯಾಜ್ಯ ಹೂಡಿ ಗೆದ್ದರು, 1975ರಲ್ಲಿ ಆ ಗುದ್ದಲಿಯೇ ನಿಷೇಧವಾಯಿತು. ನಮ್ಮಲ್ಲೂ ಜಾಣ ರೈತರು ಹಳೇ ಸೈಕಲ್ಲಿನ ಚಕ್ರ, ಹ್ಯಾಂಡಲ್ ಜೋಡಿಸಿ ಎಡೆಕುಂಟೆ ಮಾಡಿಕೊಂಡಿದ್ದಾರೆ. ನಿಂತೇ ನೂಕಬಹುದು. ಸಾಲಿನೊಳಗಿನ ಕಳೆಗೆ ಕೈಯೇ ಬೇಕು ನಿಜ, ಆದರೂ ಬಗ್ಗುವ ಹೊತ್ತು ಕಡಿಮೆಯಾಗುತ್ತದಲ್ಲ! ಹೊಲದ ಯಜಮಾನರು ಖರ್ಚಿಗೆ ಮೂಗು ಮುರಿಯಬಾರದು. ಬೆನ್ನು ಕೂಲಿಯವಳದಾದರೂ ಕೆಲಸ ಅವರದೇ. ಹಮಾಲರ ಮಾತೂ ಅಷ್ಟೆ. ಒಬ್ಬ ಗಂಡಾಳು 55 ಕೆ.ಜಿ.ಗಿಂತ ಹೆಚ್ಚು ಹೊರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಚೀಲ ತುಂಬುವವರಿಗೆ ಇದನ್ನು ಯಾರು ಓದಿ ಹೇಳಬೇಕು?

ಒಂದು ಮಾತು. ಕಾಲಿನ ಶಕ್ತಿ ಕುಂದಿದರೆ, ತೊಡೆಸಂದಿಗೆ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಉಪ್ಪಿನ ಗಂಟು ಬದಿಗಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರ, ತೂಕ ಇಳಿಯೋದು, ರಾತ್ರಿಯೂ ಬಿಡದ ನೋವು ಇದ್ದರೆ ಬೆನ್ನೆಲುಬಿನ ಕ್ಷಯ ಇರಬಹುದು, ತೋರಿಸಿ. ಅಂಗಡಿಯಲ್ಲಿ ಕೇಳಿ ನುಂಗುವ ನೋವಿನ ಗುಳಿಗೆ ಮೂತ್ರಪಿಂಡಕ್ಕೂ ಹೊಟ್ಟೆಗೂ ಪೆಟ್ಟು ಕೊಡುತ್ತದೆ.