ಮರದ ಕುದುರೆ ಕಾದಿತ್ತು

ಬೇಸಿಗೆ ರಜಾ ಅಂದರೆ ನಮಗೆಲ್ಲ ತವರುಮನೆ, ಹಪ್ಪಳ-ಸಂಡಿಗೆ, ಊರ ಜಾತ್ರೆ, ಅಲ್ಲವೇ? ಕಳೆದ ವರ್ಷ ನನ್ನ ಪಾಲಿಗೆ ಬಂದದ್ದು ಬೇರೆಯೇ ಬೇಸಿಗೆ. ಅಕ್ಕ-ಭಾವ ಇರುವುದು ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್‌ನಲ್ಲಿ. "ಒಂದ್ಸಲ ಬಂದು ಹೋಗೇ" ಎಂದು ಅಕ್ಕ ಹತ್ತು ವರ್ಷದಿಂದ ಕರೆಯುತ್ತಿದ್ದಳು. ಅಂತೂ ಹೋದೆ. ಅಲ್ಲಿ ಬೇಸಿಗೆ ಎಂದರೆ ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಜನ ಕಾರಿಗೆ ಸಾಮಾನು ತುಂಬಿಕೊಂಡು ನೂರಾರು ಮೈಲಿ ಹೊರಟುಬಿಡುತ್ತಾರೆ.

ನಾವೂ ಹೊರಟೆವು, ಪಕ್ಕದ ಕಾನ್ಸಾಸ್ ರಾಜ್ಯದಲ್ಲಿರುವ ಭಾವನವರ ಸ್ನೇಹಿತರ ಮನೆಗೆ. ಅಕ್ಕ ಬೆಳಗ್ಗೆ ಐದಕ್ಕೇ ಎದ್ದು ಚಪಾತಿ, ಚಟ್ನಿಪುಡಿ, ಮೊಸರನ್ನ ಕಟ್ಟಿದಳು. (ಅನ್ನಕ್ಕೆ ಹಾಲೇ ಹೆಚ್ಚು ಹಾಕಿ, ಒಂದೆರಡು ಚಮಚ ಮೊಸರು ಬೆರೆಸಿ. ಮಧ್ಯಾಹ್ನದ ಹೊತ್ತಿಗೆ ಹುಳಿಯಾಗದೆ ಹದವಾಗಿರುತ್ತೆ.) ದಾರಿ ಉದ್ದಕ್ಕೂ ಬಯಲೋ ಬಯಲು. ಗುಡ್ಡವಿಲ್ಲ, ತೋಪಿಲ್ಲ, ಕಣ್ಣು ಹಾಯಿಸಿದಷ್ಟೂ ಗೋಧಿ ಹೊಲ, ಹುಲ್ಲುಗಾವಲು. ಸುಮಾರು 270 ಕಿಲೋಮೀಟರ್ ಆದ ಮೇಲೆ, ಕಾನ್ಸಾಸ್ ಗಡಿಗೆ ಸ್ವಲ್ಪ ಮುಂಚೆ ಬರ್ಲಿಂಗ್‌ಟನ್ ಎಂಬ ಚಿಕ್ಕ ಊರು. ಭಾವ ಕಾರು ಅತ್ತ ತಿರುಗಿಸಿದರು. "ಇಲ್ಲೊಂದು ಜಾತ್ರೆ ಸಾಮಾನಿದೆ, ನೋಡಿ ಬನ್ನಿ" ಅಂದರು.

ಅದು ಆ ಜಿಲ್ಲೆಯ ಜಾತ್ರೆ ಮೈದಾನ. ಒಳಗೆ ಮರದ ದೊಡ್ಡ ಮಂಟಪದಂಥ ಕಟ್ಟಡ. ಅದರೊಳಗೆ ಗಿರಗಿರನೆ ತಿರುಗುವ ಮರದ ಕುದುರೆಗಳು! ಅವರು ಇದಕ್ಕೆ ಕ್ಯಾರೊಸೆಲ್ ಅನ್ನುತ್ತಾರೆ. ಕುದುರೆ ಮಾತ್ರವಲ್ಲ, ಜಿರಾಫೆ, ಒಂಟೆ, ಜಿಂಕೆ, ಸಿಂಹ, ಹುಲಿ ಎಲ್ಲ ಸೇರಿ 46 ಪ್ರಾಣಿಗಳು, ಕೂತು ಸುತ್ತಲು ನಾಲ್ಕು ರಥಗಳು. ನಡುವೆ ಸುತ್ತಲೂ 45 ತೈಲಚಿತ್ರಗಳು. 1909ರಲ್ಲಿ ಮಾಡಿದ ಒಂದು ವಾದ್ಯದ ಪೆಟ್ಟಿಗೆ ಇಡೀ ಬ್ಯಾಂಡ್‌ಸೆಟ್ಟನ್ನೇ ಒಳಗಿಟ್ಟುಕೊಂಡಂತೆ ಮೊಳಗುತ್ತದೆ.

ಅದರ ಕಥೆ ಕೇಳಿ. 1905ರಲ್ಲಿ ಫಿಲಡೆಲ್ಫಿಯಾದ ಒಂದು ಕಂಪನಿ ಡೆನ್ವರ್‌ನ ಎಲಿಚ್ ಗಾರ್ಡನ್ಸ್ ಎಂಬ ಉದ್ಯಾನಕ್ಕಾಗಿ ಇದನ್ನು ಮಾಡಿತು. ಇದರ ಪ್ರಾಣಿಗಳು ಸುತ್ತುತ್ತವೆಯೇ ಹೊರತು ಮೇಲೆ ಕೆಳಗೆ ಆಡುವುದಿಲ್ಲ. 1928ರಲ್ಲಿ ಆ ಉದ್ಯಾನಕ್ಕೆ ಜಿಗಿಯುವ ಕುದುರೆಗಳ ಹೊಸ ಕ್ಯಾರೊಸೆಲ್ ಬಂತು, ಹಳೆಯದು ಮಾರಾಟಕ್ಕೆ ಬಿತ್ತು. ಈ ಬಯಲುಸೀಮೆಯ ಕಿಟ್ ಕಾರ್ಸನ್ ಜಿಲ್ಲೆಯ ಮೂವರು ಆಡಳಿತಗಾರರು ಸುಮಾರು 1,200 ಡಾಲರ್ ಕೊಟ್ಟು ಕೊಂಡು ತಂದರು. ಜನ ಸುಮ್ಮನಿರುತ್ತಾರೆಯೇ? "ಸರ್ಕಾರದ ದುಡ್ಡಲ್ಲಿ ಆಟದ ಕುದುರೆನಾ?" ಎಂದು ಆಡಿಕೊಂಡರು. ಆ ಮೂವರಲ್ಲಿ ಇಬ್ಬರು ಮತ್ತೆ ಚುನಾವಣೆಗೆ ನಿಲ್ಲಲೇ ಇಲ್ಲವಂತೆ.

ಮುಂದಿನ ವರ್ಷವೇ ದೇಶಕ್ಕೆಲ್ಲ ಹಣದ ಮುಗ್ಗಟ್ಟು ಬಂತು. ಹಿಂದೆಯೇ ಬರ, ಧೂಳಿನ ಬಿರುಗಾಳಿ. 1931ರಲ್ಲಿ ಕ್ಯಾರೊಸೆಲ್ ನಿಂತಿತು. ರೈತರ ದನಕರುಗಳಿಗೆ ಹಂಚುವ ಮೇವನ್ನು ಆ ಕಟ್ಟಡದಲ್ಲೇ ಪೇರಿಸಿದರು. ಇಲಿಗಳು ಸೇರಿಕೊಂಡವು. ಮತ್ತೆ ತಿರುಗಿದ್ದು 1937ರಲ್ಲಿ.

ಈ ಎರಡು ಇಸವಿಗಳನ್ನು ಕೇಳಿದಾಗ ನನ್ನೊಳಗೆ ಏನೋ ಚುರ್ರೆಂದಿತು. ಆರು ವರ್ಷ! ಮೊದಲ ಬಾರಿ ಬಾಗಿಲು ಮುಚ್ಚಿದಾಗ ಆರು ವರ್ಷದವಳಾಗಿದ್ದ ಹುಡುಗಿಗೆ ತೆರೆಯುವಾಗ ಹನ್ನೆರಡು.

ಯಾಕೆ ಗೊತ್ತೇ? ಎಂಬತ್ತರ ದಶಕದ ಬರಗಾಲದಲ್ಲಿ ನಮ್ಮೂರ ಜಾತ್ರೆಗೂ ಮರದ ಕುದುರೆ ಬಂದಿತ್ತು. ಒಂದು ಸುತ್ತಿಗೆ ಎಂಟಾಣೆ. ನಾನು ಅಮ್ಮನ ಸೆರಗು ಹಿಡಿದು ಅತ್ತೆ. "ಮಳೆ ಬರ್ಲಿ ಮಗಾ, ಮುಂದಿನ ವರ್ಷ ಹತ್ತಿಸ್ತೀನಿ" ಅಂದಳು ಅಮ್ಮ. ಮುಂದಿನ ವರ್ಷವೂ ಮಳೆಯಿಲ್ಲ. ಕೈಯಲ್ಲಿ ಎರಡು ಕಾಸು ಓಡಾಡುವ ಹೊತ್ತಿಗೆ ನಾನು ದೊಡ್ಡವಳಾಗಿದ್ದೆ. "ಲಂಗದಾವಣಿ ಹಾಕ್ಕೊಂಡು ಕುದುರೆ ಹತ್ತಿದ್ರೆ ಜನ ಏನಂದಾರು?" ಅಲ್ಲಿಗೆ ಮುಗಿಯಿತು. ಅಮ್ಮನ ತಪ್ಪಲ್ಲ, ಆ ಎಂಟಾಣೆ ಅವತ್ತು ಬೆಲ್ಲಕ್ಕೆ ಬೇಕಿತ್ತು.

ಅಕ್ಕನಿಗೆ ಅದು ನೆನಪಿತ್ತು. ಎರಡು ಟಿಕೆಟ್ ತಂದೇಬಿಟ್ಟಳು. "ಸೀರೆ ಉಟ್ಟಿದ್ದೀನಿ ಕಣೇ, ಈ ವಯಸ್ಸಲ್ಲಿ..." ಅಂದೆ. "ಸೆರಗು ಸಿಕ್ಕಿಸ್ಕೊಂಡು ಪಕ್ಕಕ್ಕೆ ಕೂತ್ಕೋ. ಮುಂದಿನ ವರ್ಷ ಅಂತ ಮಾತ್ರ ಹೇಳ್ಬೇಡ" ಅಂದಳು. ಕುದುರೆಯ ಕತ್ತು ಹಿಡಿದು ಕೂತೆ. ಗಾಳಿ ಮುಖಕ್ಕೆ ಬಡಿಯಿತು, ವಾದ್ಯ ಮೊಳಗಿತು. ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಇಳಿದಾಗ ಅಕ್ಕನ ಕಣ್ಣೂ ಒದ್ದೆಯಾಗಿತ್ತು.

ಇನ್ನೊಂದು ಮಾತು. ನವರಾತ್ರಿ ಬೊಂಬೆ ಮಾಸಿದರೆ ನಾವು ಹೊಸ ಬಣ್ಣ ಬಳಿಯುತ್ತೇವಲ್ಲ, ಬೇರೆ ಕಡೆಯ ಕ್ಯಾರೊಸೆಲ್‌ಗಳಿಗೂ ಹಾಗೇ ಪದರದ ಮೇಲೆ ಪದರ ಬಳಿದುಬಿಟ್ಟರು. ಇಲ್ಲಿ ಮಾತ್ರ ಪ್ರಾಣಿಗಳ ಮೈಮೇಲೆ, ಚಿತ್ರಗಳಲ್ಲಿ ಮೊದಲಿನ ಬಣ್ಣವೇ ಉಳಿದಿದೆ. 1976ರಲ್ಲಿ ಊರವರು ದುರಸ್ತಿಗೆ ಕೈಹಾಕಿದರು. ಕಪ್ಪಾಗಿದ್ದ ವಾರ್ನಿಷನ್ನು ತಜ್ಞರು ನಾಜೂಕಾಗಿ ತೆಗೆದಾಗ ಅಡಿಯಲ್ಲಿದ್ದ ಬಣ್ಣ ಹೊಳೆಯಿತು. 1987ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿದರು. ಅಂದು ಜನ ದಂಡದ ಖರ್ಚೆಂದ ವಸ್ತು ಇಂದು ಆ ಊರಿನ ಹೆಮ್ಮೆ.

ಸೋದರಿಯರೇ, ಕಷ್ಟಕಾಲದಲ್ಲಿ ಕೈ ಬಿಗಿಹಿಡಿಯಲೇಬೇಕು, ಅದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಕಷ್ಟ ಕಳೆದ ಮೇಲೂ ಬಾಯಿಪಾಠದಂತೆ "ಆಮೇಲೆ ನೋಡೋಣ" ಅನ್ನುತ್ತೇವಲ್ಲ? ನನ್ನ ಮಗಳು ಎರಡು ವರ್ಷದಿಂದ ಈಜು ಕಲೀಬೇಕು ಅಂತಿದ್ದಳು. ನಾನೂ ಎರಡು ವರ್ಷದಿಂದ "ಪರೀಕ್ಷೆ ಮುಗೀಲಿ" ಅಂತಿದ್ದೆ. ಊರಿಗೆ ಬಂದ ವಾರದಲ್ಲೇ ಫೀಸು ಕಟ್ಟಿ ಬಂದೆ. "ಏನಮ್ಮಾ, ಅಮೆರಿಕದಲ್ಲಿ ಏನಾಯ್ತು ನಿಂಗೆ?" ಅಂದಳು.

"ಕುದುರೆ ಹತ್ತಿದೆ ಕಣೇ" ಅಂದೆ.