ನಗೆನಾಟಕದಲ್ಲಿ ಅರ್ಧ ಪಾತ್ರ ಪ್ರೇಕ್ಷಕರದೇ!

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಬೇರೆ ಊರಿನ ಹೆಸರು ಕೇಳಿಸುವುದೇ ಇಲ್ಲ. ಬನಶಂಕರಿ, ಬನಶಂಕರಿ ಅಂತ ಕೂಗುವವರದೇ ಕೂಗು. ಐದು ಕಿಲೋಮೀಟರ್ ದಾರಿ, ಕಾಲಿಡಲು ಜಾಗವಿಲ್ಲದ ಬಸ್ಸು. ಚೊಳಚಗುಡ್ಡದ ಹತ್ತಿರ ಇಳಿದವರು ಹೊಂಡದ ನೀರು ತಲೆಗೆ ಚಿಮುಕಿಸಿಕೊಂಡು, ಅಮ್ಮನಿಗೆ ಕಾಯಿ ಒಡೆಸಿ ಹೊರಗೆ ಬಂದ ಕೂಡಲೇ ಕೇಳುವ ಮಾತು ಒಂದೇ: ‘ಈ ಸಲ ಯಾವ್ಯಾವ ಕಂಪನಿ ಬಂದಾವು?’

ಕಂಪನಿ ಅಂದರೆ ಇಲ್ಲಿ ನಾಟಕ ಕಂಪನಿ. ಬೇರೆ ಅರ್ಥವಿಲ್ಲ. ಜನವರಿ ಹೊತ್ತಿಗೆ ಬರುವ ಈ ಜಾತ್ರೆ ತೇರು ಎಳೆದ ದಿನಕ್ಕೆ ಮುಗಿಯುವಂಥದ್ದಲ್ಲ. ಮೂರು ನಾಲ್ಕು ವಾರ ನಡೆಯುತ್ತದೆ. ಬಾಗಿಲ ಚೌಕಟ್ಟಿನಿಂದ ಹಿಡಿದು ಬಳೆ, ಬೆಂಡು ಬತ್ತಾಸಿನ ತನಕ ಇಲ್ಲಿ ಸಿಗದ ಮಾಲು ಇಲ್ಲ. ಆದರೆ ರಾತ್ರಿಯಾದರೆ ಗಿರಾಕಿಯೆಲ್ಲ ನಾಟಕದ ಟೆಂಟಿನ ಕಡೆಗೇ. ಸುತ್ತ ತಗಡಿನ ಗೋಡೆ, ಮುಂದೆ ಕುರ್ಚಿ, ಹಿಂದೆ ಗ್ಯಾಲರಿ. ಹತ್ತರ ಆಸುಪಾಸು ಕಂಪನಿಗಳು ಒಂದರ ಮಗ್ಗುಲಿಗೆ ಒಂದು ಠಿಕಾಣಿ ಹೂಡುತ್ತವೆ. ಶಿರಸಿಯ ಮಾರಿಕಾಂಬಾ ಜಾತ್ರೆಗೂ ಕಂಪನಿಗಳು ಹೋಗುತ್ತವೆ ನಿಜ, ಆದರೆ ಅದು ಎರಡು ವರ್ಷಕ್ಕೊಮ್ಮೆ. ಇದು ವರ್ಷಾ ವರ್ಷಾ.

ಕಂಪನಿ ಮಾಲೀಕನಿಗೆ ಈ ಜಾತ್ರೆ ಅಂದರೆ ಬಟ್ಟೆ ಅಂಗಡಿಯವರಿಗೆ ದೀಪಾವಳಿ ಇದ್ದ ಹಾಗೆ. ಇಲ್ಲಿ ನಾಲ್ಕು ಕಾಸು ಉಳಿದರೆ ಮಳೆಗಾಲ ದಾಟಿತು. ಉಳಿಯದಿದ್ದರೆ ಸಾಲದ ಮೇಲೆ ಸಾಲ. ಜಾಗದ ಬಾಡಿಗೆ, ತಗಡು, ಕರೆಂಟು, ಲಾರಿ, ಕಲಾವಿದರ ಮುಂಗಡ, ಅಷ್ಟೂ ಮಂದಿಯ ಊಟ. ಇವೆಲ್ಲ ಮೊದಲ ಟಿಕೆಟ್ ಹರಿಯುವ ಮುಂಚೆಯೇ ಕೈಬಿಟ್ಟು ಹೋದ ದುಡ್ಡು. ಜಾತ್ರೆಯ ಭರ್ತಿ ದಿನಗಳಲ್ಲಿ ದಿನಕ್ಕೆ ಮೂರು ಆಟ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಕೊನೆಯ ಆಟ ಮುಗಿಯುವಾಗ ಪೂರ್ವದಲ್ಲಿ ಬೆಳಕು ಹರಿದಿರುತ್ತದೆ. ಜನರಿಗೂ ಅದೇ ಅನುಕೂಲ. ರಾತ್ರಿಯ ಬಸ್ಸು ತಪ್ಪಿದವರಿಗೆ ನಾಟಕದ ಟೆಂಟೇ ಧರ್ಮಶಾಲೆ, ಬೆಳಗಿನ ಮೊದಲ ಬಸ್ಸಿನ ತನಕ ನಗುತ್ತಾ ಕೂತಿರಬಹುದು.

ಹಾಗಾದರೆ ಹತ್ತು ಟೆಂಟಿನಲ್ಲಿ ಯಾವುದಕ್ಕೆ ನುಗ್ಗುವುದು? ಹತ್ತೂ ಕಡೆಯಿಂದ ಮೈಕು ಕೂಗುತ್ತದೆ, ಒಂದೂ ಅರ್ಥವಾಗುವುದಿಲ್ಲ. ಕಥೆ ನೋಡಿ ಆರಿಸೋಣ ಅಂದರೆ ಕಥೆ ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ. ಒಬ್ಬ ಕೆಟ್ಟ ಸಾಹುಕಾರ, ಒಬ್ಬ ಒಳ್ಳೆಯ ಅಣ್ಣ, ಅಳುವ ತಂಗಿ, ಕೊನೆಯ ಸೀನಿಗೆ ಸರಿಯಾಗಿ ಬರುವ ಪೊಲೀಸು. ಪಕ್ಕದ ಟೆಂಟಿಗೆ ಹೊರಟವನ ಕೈ ಹಿಡಿದು ಈ ಟೆಂಟಿಗೆ ಎಳೆಯುವವನು ಹಾಸ್ಯಗಾರ. ಬೋರ್ಡಿನ ಮೇಲೆ ನಾಯಕನಿಗಿಂತ ಹಾಸ್ಯಗಾರನ ಚಿತ್ರ ದೊಡ್ಡದಿರುವುದು ಸುಮ್ಮನೆ ಅಲ್ಲ.

ಮಾತಿಗೆ ಮಾತು

ಹಾಸ್ಯಗಾರ ಒಳಗೆ ಬಂದ ಎಂದರೆ ನಾಟಕ ಅರ್ಧ ಗಳಿಗೆ ನಿಂತ ಹಾಗೆಯೇ. ಅವನು ಎದುರಿಗಿರುವ ಪಾತ್ರದ ಜೊತೆ ಮಾತಾಡುವುದಿಲ್ಲ, ಎದುರಿಗೆ ಕೂತ ಜನರ ಜೊತೆ ಮಾತಾಡುತ್ತಾನೆ. ಮುಂದಿನ ಸಾಲಿನಲ್ಲಿ ಯಾರೋ ತೂಕಡಿಸುತ್ತಿದ್ದಾರೆ ಅನ್ನಿ. ‘ಯಜಮಾನ್ರ, ಟಿಕೆಟ್ ತಗೊಂಡು ಮಲಗಾಕ ಬಂದೀರೇನು? ಲಾಡ್ಜ ಅಗ್ಗ ಆಗ್ತಿತ್ತಲ್ರೀ!’ ಅಂತ ಒಂದು ಮಾತು ಬೀಳುತ್ತದೆ. ಹಿಂದಿನ ಗ್ಯಾಲರಿಯಿಂದ ಇನ್ಯಾರೋ, ‘ಲಾಡ್ಜಿನ್ಯಾಗ ನೀ ಇರೂದಿಲ್ಲಲೋ ತಮ್ಮಾ, ಅಲ್ಲಿ ನಿದ್ದಿ ಬರೂದಿಲ್ಲ!’ ಅಂತ ತಿರುಗಿಸುತ್ತಾರೆ. ಟೆಂಟೇ ಹಾರಿ ಹೋಗುವಂಥ ನಗು. ಈ ಎರಡು ಮಾತು ಬರೆದವರು ಯಾರು? ನಾಟಕ ಬರೆದವನಂತೂ ಅಲ್ಲ.

ನೋಡುವವರಿಗೆ ಇದು ಬಾಯಿಗೆ ಬಂದದ್ದು ಒದರುವ ಕೆಲಸ ಅನ್ನಿಸೀತು. ಅಷ್ಟು ಸಸಾರವಲ್ಲ. ಗುಂಪಿನಲ್ಲಿ ಯಾರನ್ನು ಕೆಣಕಬೇಕು, ಯಾರನ್ನು ಕೆಣಕಬಾರದು ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು. ಗೆಳೆಯರ ಹಿಂಡಿನ ನಡುವೆ ಕೂತ ದಪ್ಪ ಮೀಸೆಯ ಮನುಷ್ಯನಿಗೆ ನಾಲ್ಕು ಮಾತು ಅಂದರೆ ಆತನೇ ಎಲ್ಲರಿಗಿಂತ ಜೋರಾಗಿ ನಗುತ್ತಾನೆ. ಬೀಗರ ಪಕ್ಕ ಕೂತ ಹೊಸ ಅಳಿಯನಿಗೆ ಅದೇ ಮಾತು ಅಂದರೆ ಆ ಮನೆಯವರು ಮತ್ತೆ ಟೆಂಟಿನ ಕಡೆ ತಲೆ ಹಾಕುವುದಿಲ್ಲ. ಪಕ್ಕದ ಊರನ್ನು ಹಂಗಿಸಬಹುದು, ಆದರೆ ಆ ಊರಿನ ಟ್ರ್ಯಾಕ್ಟರು ಇವತ್ತು ಹೊರಗೆ ನಿಂತಿದೆಯೋ ಇಲ್ಲವೋ ವಿಚಾರಿಸಿಕೊಂಡು ಹಂಗಿಸಬೇಕು! ಜಾತಿ, ದೇವರು, ಸತ್ತವರು ಇವಂತೂ ದೂರ.

ಇನ್ನು ಹೊತ್ತಿನ ಲೆಕ್ಕ. ನಗು ಏರಿದಾಗ ಹಾಸ್ಯಗಾರನಿಗೆ ಬಿಡಲು ಮನಸ್ಸಾಗುವುದಿಲ್ಲ. ಐದು ನಿಮಿಷದ ಸೀನು ಇಪ್ಪತ್ತು ನಿಮಿಷಕ್ಕೆ ಹಿಗ್ಗುತ್ತದೆ. ಒಳಗೆ ನಾಯಕಿ ಕಣ್ಣೀರಿಗೆ ತಯಾರಾಗಿ ನಿಂತಿದ್ದಾಳೆ, ಹೊರಗೆ ಮುಂದಿನ ಆಟದ ಜನ ಗೇಟು ಬಡಿಯುತ್ತಿದ್ದಾರೆ. ಆಗ ಹಗ್ಗ ಎಳೆದು ಎತ್ತನ್ನು ಸಾಲಿಗೆ ತರುವವನು ಜೊತೆಯ ಪಾತ್ರಧಾರಿ. ಬಾಯಿ ತಪ್ಪಿ ತಾನೂ ನಗದೆ, ಗಂಭೀರವಾಗಿ ನಾಟಕದ ಮಾತನ್ನು ಎರಡು ಸಲ ಎತ್ತಿ ಹೇಳುತ್ತಾನೆ. ಪಿಟ್ಟಿನಲ್ಲಿ ಕೂತ ಹಾರ್ಮೋನಿಯಂ ಮಾಸ್ತರು ಆ ಮಾತು ಕೇಳಿದ್ದೇ ತಡ ಹಾಡಿನ ಸ್ವರ ಹಿಡಿಯುತ್ತಾರೆ. ಚಪ್ಪಾಳೆಯೆಲ್ಲ ಹಾಸ್ಯಗಾರನಿಗೆ ಹೋಗುತ್ತದೆ. ದಾರಿ ತಪ್ಪದ ಹಾಗೆ ನೋಡಿಕೊಂಡ ಜೊತೆಗಾರನ ಹೆಸರು ಬೋರ್ಡಿನ ಮೇಲೆ ಎಲ್ಲೋ ಮೂಲೆಯಲ್ಲಿ ಇರುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ಈ ಭಾಗದ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತನಿಗೂ ದೂತಿಗೂ ನಡೆಯುವ ತಕರಾರು ಕೇಳಿದವರಿಗೆ ಬೇರು ಎಲ್ಲಿದೆ ಅಂತ ಗೊತ್ತು. ದೇವರ ಕಥೆಯ ನಡುವೆಯೇ ಊರ ಸುದ್ದಿ ನುಸುಳಿ ಬರುತ್ತದೆ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿಗೆಲ್ಲ ಪರಿಚಯಿಸಿದ ವೀರಣ್ಣನವರು ಸ್ವತಃ ಹಾಸ್ಯ ನಟರು, ‘ಸದಾರಮೆ’ಯ ಕಳ್ಳನ ಪಾತ್ರಕ್ಕೆ ಜನ ಮುಗಿಬೀಳುತ್ತಿದ್ದರು. 2019ರಲ್ಲಿ ತೀರಿಕೊಂಡ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಆ ದಿನದ ರಾಜಕಾರಣವನ್ನೇ ಸ್ಟೇಜಿಗೆ ಎಳೆದು ತರುತ್ತಿದ್ದರು. ನಿನ್ನೆ ನೋಡಿದ ನಾಟಕ ಇವತ್ತು ಇರುತ್ತಿರಲಿಲ್ಲ. ಅಧಿಕಾರದಲ್ಲಿದ್ದವರು ಮುಂದಿನ ಸಾಲಿನಲ್ಲಿ ಕೂತು ನಗಲೂ ಆಗದೆ, ಏಳಲೂ ಆಗದೆ ಒದ್ದಾಡುವ ಹಾಗೆ ಮಾಡುವ ತಾಕತ್ತು ಆ ನಾಲಿಗೆಗೆ ಇತ್ತು.

ಪರದೇಶದಲ್ಲೂ ಇದೇ ಕಥೆ

ದೂರದ ಸ್ಕಾಟ್ಲೆಂಡಿನ ಎಡಿನ್‌ಬರೋ ಊರಲ್ಲಿ 1947ರಲ್ಲಿ ದೊಡ್ಡದೊಂದು ಕಲಾ ಉತ್ಸವ ಶುರುವಾಯಿತು. ಕರೆ ಬಾರದ ಎಂಟು ತಂಡಗಳು ‘ಕರೆಯದಿದ್ದರೇನಾಯ್ತು’ ಅಂತ ತಾವೇ ಬಂದು, ಸಿಕ್ಕ ಜಾಗದಲ್ಲಿ ಆಟ ಆಡಿದವು. ಅದಕ್ಕೆ ‘ಫ್ರಿಂಜ್’ ಎಂಬ ಹೆಸರು ಬಿತ್ತು. ಫ್ರಿಂಜ್ ಅಂದರೆ ಅಂಚು, ಸೆರಗಿನ ಕುಚ್ಚು ಅನ್ನಿ. ಈಗ ಪ್ರತಿ ಆಗಸ್ಟಿನಲ್ಲಿ ಆ ಕುಚ್ಚೇ ಸೀರೆಗಿಂತ ದೊಡ್ಡದು. ಇಂಥ ನಾಟಕ ಬೇಕು, ಇಂಥದ್ದು ಬೇಡ ಅಂತ ಆರಿಸುವ ಕಮಿಟಿ ಅಲ್ಲಿಲ್ಲ. ಜಾಗದ ಬಾಡಿಗೆ ಕಟ್ಟಿದವನು ಆಡಬಹುದು. ಜನ ಬಂದರೆ ಗೆದ್ದ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿದ. ಕಲಾವಿದರೇ ಬೀದಿಯಲ್ಲಿ ನಿಂತು ಚೀಟಿ ಹಂಚಿ ಜನರನ್ನು ಕರೆಯುತ್ತಾರೆ. ಬನಶಂಕರಿಯಲ್ಲಿ ಜೀಪಿಗೆ ಮೈಕು ಕಟ್ಟುತ್ತಾರೆ, ಅಷ್ಟೇ ಫರಕು.

ಅಲ್ಲಿ ಹೆಸರು ಮಾಡಿದ ಒಂದು ನಗೆಯಾಟ ಹುಟ್ಟಿದ್ದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, 1997ರಲ್ಲಿ. ಇಂಗ್ಲೆಂಡಿನ ಬಿಬಿಸಿ ಟಿವಿಯಲ್ಲಿ 1975 ಮತ್ತು 1979ರಲ್ಲಿ ಬಂದಿದ್ದ ‘ಫಾಲ್ಟಿ ಟವರ್ಸ್’ ಎಂಬ ನಗೆ ಧಾರಾವಾಹಿ ಅದಕ್ಕೆ ಮೂಲ. ಆಟಕ್ಕೆ ಸ್ಟೇಜೇ ಇಲ್ಲ. ಟಿಕೆಟ್ ತೆಗೆದುಕೊಂಡವರು ಹೋಟೆಲಿನ ಗಿರಾಕಿಗಳ ಹಾಗೆ ಊಟಕ್ಕೆ ಕೂರುತ್ತಾರೆ. ಸಿಡುಕ ಮಾಲೀಕ, ಅವನ ಹೆಂಡತಿ, ಹೇಳಿದ್ದು ತಿಳಿಯದ ವೇಟರು. ಮೂವರೂ ನಟರು, ಊಟ ಮಾತ್ರ ನಿಜ. ಗಿರಾಕಿ ಏನು ಅಂದರೆ ಅದರ ಮೇಲೆ ಮುಂದಿನ ಮಾತು. ನಮ್ಮ ಕಡೆ ಎಷ್ಟೋ ಖಾನಾವಳಿಗಳಲ್ಲಿ ಈ ಆಟ ದಿನಾ ಮಧ್ಯಾಹ್ನ ಪುಕ್ಕಟೆ ನಡೆಯುತ್ತದೆ ಎಂಬುದು ಬೇರೆ ಮಾತು!

ಅಲ್ಲಿಯವರು ಇದನ್ನು ಹೊಸ ಬಗೆಯ ರಂಗಭೂಮಿ ಅಂತ ಬರೆದುಕೊಂಡು ಟಿಕೆಟ್ ಮಾರುತ್ತಾರೆ. ಇಲ್ಲಿ ಅದೇ ವಿದ್ಯೆಗೆ ‘ಜಾತ್ರೆ ನಾಟಕ’ ಅಂತ ಮೂಗು ಮುರಿಯುತ್ತಾರೆ. ಮೂಗು ಮುರಿಯಲು ಕಾರಣ ಇಲ್ಲವೇ ಇಲ್ಲ ಅಂತ ಹೇಳುವ ಹಾಗೂ ಇಲ್ಲ.

ಸಿಳ್ಳೆಯ ಲೆಕ್ಕ

ಕಾರಣ ಎಲ್ಲರಿಗೂ ಗೊತ್ತಿರುವುದೇ. ಎರಡರ್ಥದ ಮಾತು. ಬೋರ್ಡು ಓದುವಾಗಲೇ ಮಕ್ಕಳ ಕಣ್ಣು ಮುಚ್ಚಬೇಕು ಅನ್ನಿಸುವಂಥ ನಾಟಕದ ಹೆಸರುಗಳು. ಹಳೆಯ ನಾಟಕಕ್ಕೇ ಹೊಸ ಪೋಲಿ ಹೆಸರು ಅಂಟಿಸಿ ಜಾತ್ರೆಗೆ ತರುವ ಕಂಪನಿಗಳೂ ಇವೆ. ಮಾಲೀಕರನ್ನು ಕೇಳಿದರೆ ಜನ ಕೇಳ್ತಾರೆ, ಕೊಡ್ತೀವಿ ಎಂಬ ಉತ್ತರ ತಯಾರಾಗಿರುತ್ತದೆ. ಜನ ಅಂದರೆ ಯಾರು? ಸಿಳ್ಳೆ ಹೊಡೆಯುವವನ ಧ್ವನಿ ಕೇಳಿಸುತ್ತದೆ, ಎದ್ದು ಹೋಗುವವರ ಹೆಜ್ಜೆ ಕೇಳಿಸುವುದಿಲ್ಲ. ಸಿಳ್ಳೆ ಹೊಡೆಯುವವನು ಕೊಳ್ಳುವುದು ಒಂದು ಟಿಕೆಟ್. ಮನೆಮಂದಿಯೊಂದಿಗೆ ಬಂದವನು ಐದು ಕೊಳ್ಳುತ್ತಾನೆ, ಚುರುಮುರಿ, ಚಹಾ ಬೇರೆ. ಅಂಗಡಿ ಇಟ್ಟ ಯಾವನಿಗೆ ಬೇಕಾದರೂ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಜಾತ್ರೆಗೆ ಬರುವ ಅವ್ವ, ಅಕ್ಕಂದಿರು ಗುಡಿ ಮುಗಿಸಿ ಬಳೆ ಅಂಗಡಿಯ ತನಕ ಬಂದು ನಿಂತಿದ್ದಾರೆ. ಅಲ್ಲಿಂದ ಟೆಂಟಿಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆ ಹಾಕಿಸುವ ನಾಟಕ ಯಾವುದು ಎಂಬುದೇ ಈಗ ಕಂಪನಿಗಳ ಮುಂದಿರುವ ಪ್ರಶ್ನೆ.

ಏಟು ಹೆಚ್ಚು ಬೀಳುವುದು ಹಾಸ್ಯಗಾರನ ಜೋಡಿ ಪಾತ್ರ ಮಾಡುವ ಕಲಾವಿದೆಗೆ. ಗಂಡಸಿನ ಕಡೆಗೆ ಗ್ಯಾಲರಿಯಿಂದ ಬರುವುದು ಚೇಷ್ಟೆ, ಆಕೆಯ ಕಡೆಗೆ ಬರುವುದು ಮಾತಿನ ಕಲ್ಲು. ಮನೆಯಲ್ಲಿ ಮಕ್ಕಳನ್ನು ಬಿಟ್ಟು ಅಥವಾ ಪರದೆಯ ಹಿಂದೆ ಮಲಗಿಸಿ ಬಣ್ಣ ಹಚ್ಚಿದವಳು ಅವಳು. ಪಳಗಿದ ಕಲಾವಿದೆಯಾದರೆ ಹೆದರುವುದಿಲ್ಲ. ಕೂಗಿದವನ ಕಡೆ ನೇರ ತಿರುಗಿ, ‘ಯಾಕೋ ಯಣ್ಣಾ, ನಿಮ್ಮವ್ವನ್ನ ಕರಕೊಂಡು ಬಂದಿಲ್ಲೇನ? ನಾಳೆ ಕರಕೊಂಡು ಬಾ, ಆಕಿ ಮುಂದ ಇದ ಮಾತು ಅನ್ನು’ ಎಂಬಂಥ ಒಂದು ಏಟು ಕೊಟ್ಟಳೆಂದರೆ ಇಡೀ ಟೆಂಟು ಅವಳ ಕಡೆ. ಕೂಗಿದವನು ಆಟ ಮುಗಿಯುವ ತನಕ ಬಾಯಿ ಬಿಡುವುದಿಲ್ಲ. ಆ ರಾತ್ರಿಯ ಅತಿ ದೊಡ್ಡ ಚಪ್ಪಾಳೆ ಪೋಲಿ ಮಾತಿಗಲ್ಲ, ಪೋಲಿಯ ಬಾಯಿ ಮುಚ್ಚಿಸಿದ ಮಾತಿಗೆ ಬೀಳುತ್ತದೆ. ಕಂಪನಿ ಮಾಲೀಕರು ಗಲ್ಲಾ ಪೆಟ್ಟಿಗೆಯಿಂದ ಕಣ್ಣು ತೆಗೆದು ಒಮ್ಮೆ ಇದನ್ನು ನೋಡಬೇಕು.

ಶುದ್ಧ ಹಾಸ್ಯಕ್ಕೆ ಜನ ಬರುವುದಿಲ್ಲ ಎಂಬ ಮಾತಿಗೆ ಈ ಜಿಲ್ಲೆಯಲ್ಲೇ ಉತ್ತರವಿದೆ. ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿ ಸ್ಟೇಜಿನಲ್ಲಿ ಗೆದ್ದ ನಾಟಕ. 1974ರಲ್ಲಿ ರಾಜಕುಮಾರ್ ಅದರ ಸಿನಿಮಾ ಮಾಡಿದರು. ರಾಜಣ್ಣ ಜೇವರ್ಗಿಯವರ ‘ಕುಂಟ ಕೋಣ ಮೂಕ ಜಾಣ’ವನ್ನು ಮತ್ತೆ ಮತ್ತೆ ನೋಡಿದವರಿದ್ದಾರೆ.

ಇತ್ತೀಚೆಗೆ ಇನ್ನೊಂದು ಪೀಡೆ ಸೇರಿಕೊಂಡಿದೆ. ಕೈಯಲ್ಲಿ ಮೊಬೈಲು. ಹಾಸ್ಯದ ಸೀನು ಬಂದ ಕೂಡಲೇ ಕತ್ತಲೆಯಲ್ಲಿ ನೂರು ಮೊಬೈಲು ಮಿನುಗುತ್ತವೆ, ಬೆಳಗಾಗುವುದರೊಳಗೆ ಆ ಮಾತು ಯೂಟ್ಯೂಬಿನಲ್ಲಿ. ಮೂರನೇ ದಿನ ಹಾಸ್ಯಗಾರ ಬಾಯಿ ತೆರೆಯುವ ಮುಂಚೆಯೇ ಗ್ಯಾಲರಿಯ ಹುಡುಗರು ಅವನ ಮಾತನ್ನು ಅವನಿಗೇ ಹೇಳಿಬಿಡುತ್ತಾರೆ! ಒಂದು ಜೋಕನ್ನು ಹತ್ತು ಜಾತ್ರೆಗೆ ಉಂಡ ಕಾಲ ಹೋಯಿತು. ಹಾಗಂತ ಇದರಿಂದ ಲುಕ್ಸಾನೇ ಆಗಿದೆ ಅಂತಲೂ ಅಲ್ಲ. ಬಾಯಿಪಾಠದ ಜೋಕು ಹಳಸಿದ ಮೇಲೆ, ಎದುರಿಗಿದ್ದವರನ್ನು ನೋಡಿ ಅಲ್ಲೇ ಹುಟ್ಟಿಸುವ ಮಾತಿಗೆ ಬೆಲೆ ಏರಿದೆ. ಅದನ್ನು ಮೊಬೈಲಿನಲ್ಲಿ ನೋಡಿದರೆ ಅರ್ಧ ರುಚಿ, ಯಾಕೆಂದರೆ ಕೆಣಕಿಸಿಕೊಂಡ ಮನುಷ್ಯ ನಮ್ಮ ಪಕ್ಕದಲ್ಲಿ ಕೂತಿರುವುದಿಲ್ಲ.

ಪಕ್ಕದಲ್ಲಿ ಜನ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕಂಪನಿಗಳು 2020ರ ಮಾರ್ಚಿನಲ್ಲಿ ಕಂಡವು. ಕೊರೊನಾ ಲಾಕ್‌ಡೌನ್ ಬಂತು, ಹಾಕಿದ ಟೆಂಟು ಹಾಕಿದಲ್ಲೇ ಉಳಿಯಿತು. 2021, 2022ರ ಜಾತ್ರೆಗಳ ಮೇಲೂ ಅದರ ನೆರಳು ಬಿತ್ತು. ಸಿನಿಮಾದವರಿಗೆ, ಟಿವಿಯವರಿಗೆ ಮೊಬೈಲಿನಲ್ಲಾದರೂ ದಾರಿ ಇತ್ತು. ‘ಯಜಮಾನ್ರ’ ಅಂತ ಕರೆದರೆ ಓಗೊಡಲು ಯಜಮಾನರೇ ಇಲ್ಲದ ಕಡೆ ಹಾಸ್ಯಗಾರ ಏನು ಮಾಡಬೇಕು? ಬಣ್ಣ ಬಿಟ್ಟು ಕೂಲಿಗೆ, ತರಕಾರಿ ಗಾಡಿಗೆ ಹೋದವರುಂಟು. ತಿರುಗಿ ಬಂದವರು ಬಂದರು, ಎಲ್ಲರೂ ಬರಲಿಲ್ಲ.

ಜಾತ್ರೆ ಇಳಿಯುತ್ತಿದ್ದ ಹಾಗೆ ಒಂದೊಂದೇ ಟೆಂಟಿನ ತಗಡು ಕಳಚಿ ಲಾರಿ ಏರುತ್ತವೆ. ಪರದೆ ಸುತ್ತಿ, ಕುರ್ಚಿ ಕಟ್ಟಿ, ಮುಂದಿನ ಊರಿನ ಕ್ಯಾಂಪಿಗೆ ಪಯಣ. ಅಲ್ಲಿ ಕಂಬ ನೆಡುವ ಕೆಲಸ ನಡೆಯುತ್ತಿರುವಾಗಲೇ ಹಾಸ್ಯಗಾರ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತಿರುತ್ತಾನೆ. ಉದ್ರಿ ಕೊಡದ ಸೇಠಜಿ ಯಾರು, ಹೊತ್ತಿಗೆ ಬಾರದ ಬಸ್ಸು ಯಾವುದು, ಯಾವ ಓಣಿಯ ನಳಕ್ಕೆ ನೀರಿಲ್ಲ ಎಂಬುದನ್ನೆಲ್ಲ ವಿಚಾರಿಸಿಕೊಳ್ಳುತ್ತಾ ಎರಡನೇ ಚಹಾ ಹೇಳುತ್ತಾನೆ. ರಾತ್ರಿ ಮೊದಲ ಆಟ.